ಟೇಪಿನ ಮೊದಲ ಇಂಚು

ಎಂಟನೇ ತರಗತಿಯ ಪ್ಯಾಂಟುಗಳೆಲ್ಲ ಜಾರುತ್ತಿವೆ ಎಂಬ ಸುದ್ದಿಯನ್ನು ಸೀಟಿ ಮೇಷ್ಟ್ರೇ ಖುದ್ದಾಗಿ ಹೊತ್ತು ತಂದರು. ಸುದ್ದಿಯ ಜೊತೆಗೆ, ಮಕ್ಕಳು ಮೈಮೇಲೆ ಹಾಕಿಕೊಂಡಿದ್ದನ್ನು ಬಿಟ್ಟು, ಉಳಿದೊಂದು ಜೊತೆ ಬಟ್ಟೆಗಳನ್ನೂ ತಂದಿದ್ದರು. ದೊಡ್ಡ ಗಂಟೊಂದನ್ನು ಟೈಲರಮ್ಮನ ಕಟಿಂಗ್ ಟೇಬಲ್ ಮೇಲೆ ಧೊಪ್ಪನೆ ಇಳಿಸಿ, ಕೊರಳಲ್ಲಿ ತೂಗುತ್ತಿದ್ದ ಸೀಟಿಯನ್ನು ಬೆನ್ನ ಕಡೆಗೆ ಎಸೆದುಕೊಂಡು, ಸ್ಟೂಲಿನ ಮೇಲೆ ಕೂತು ಉಸಿರು ಬಿಟ್ಟರು.

"ಅಕ್ಕ, ನಿನ್ನೆ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ 'ಎರಡೂ ಕೈ ಮೇಲೆ' ಅಂದೆ. ಎಂಟನೇ ಕ್ಲಾಸಿನವರು ಒಬ್ಬರೂ ಎತ್ತಲಿಲ್ಲ. ಯಾಕ್ರೋ ಅಂದ್ರೆ, 'ಕೈ ಎತ್ತಿದ್ರೆ ಪ್ಯಾಂಟ್ ಹಿಡ್ಕೊಳ್ಳೋರು ಯಾರು ಸಾರ್' ಅಂತಾರೆ!"

ಟೈಲರಮ್ಮನಿಗೆ ನಗು ಬರಲಿಲ್ಲ. ಆ ಬೀದಿಯಲ್ಲಿ ಅವಳ ಅಂಗಡಿಯ ಶಟರ್ ಏಳುವುದಕ್ಕೂ ಪಕ್ಕದ ಬೇಕರಿಯ ಒಲೆ ಹೊತ್ತುವುದಕ್ಕೂ ಒಂದೇ ಸಮಯ. ಶಾಲೆಯ ಯೂನಿಫಾರ್ಮು ಎಷ್ಟೋ ವರ್ಷದಿಂದ ಅವಳ ಕೈಯಲ್ಲೇ ಹೊಲಿಗೆಯಾಗಿ ಹೋಗುತ್ತಿತ್ತು. ಒಂದು ಗುಂಡಿಯೂ ಕಿತ್ತು ಬಂದದ್ದಿಲ್ಲ. ಈಗ ನೋಡಿದರೆ ಇಡೀ ತರಗತಿಯೇ ಸೊಂಟ ಹಿಡಿದುಕೊಂಡು ನಿಂತಿದೆಯಂತೆ.

ಅವಳು ಗಂಟು ಬಿಚ್ಚಲಿಲ್ಲ. ನೇರವಾಗಿ ಸೊಸೆಯ ಕಡೆ ತಿರುಗಿದಳು. ಕಟಿಂಗ್ ಎಲ್ಲ ಸೊಸೆಯದೇ. ಅವಳು ಗೆರೆ ಎಳೆದಲ್ಲಿ ಕತ್ತರಿ ಹೋಗುತ್ತಿತ್ತು. ಬಟ್ಟೆಯಲ್ಲಿ ಅಂಗೈ ಅಗಲದ ಚೂರೂ ಪೋಲಾಗದ ಹಾಗೆ ಹಾಸಿ, ತಿರುಗಿಸಿ, ಮಡಚಿ ಲೆಕ್ಕ ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

"ಮನಸ್ಸು ಒಂದು ಕಡೆ, ಕೈ ಒಂದು ಕಡೆ ಇದ್ರೆ ಹೀಗೇ ಆಗೋದು," ಅಂದಳು ಟೈಲರಮ್ಮ. "ಹೋದ ವಾರದಿಂದ ನಿನ್ನ ತಲೆ ಈ ಅಂಗಡೀಲಿಲ್ಲ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಮೇಷ್ಟ್ರು ಸೀಟಿಯನ್ನು ಹುಡುಕುವವರ ಹಾಗೆ ಬೆನ್ನು ಕೆರೆದುಕೊಂಡರು. ಯಾಕೆಂದರೆ ಹೋದ ವಾರ ಆ ತಲೆಯೊಳಗೆ ಹುಳ ಬಿಟ್ಟವರು ಅವರೇ.

ನಡೆದದ್ದು ಇಷ್ಟು. ಸೀಟಿ ಮೇಷ್ಟ್ರು ಶಾಲೆಯಲ್ಲಿ ಆಟ ಆಡಿಸುವ ಮೇಷ್ಟ್ರು. ಓಟ, ಜಿಗಿತ, ಚೆಂಡು, ಇವು ಅವರ ಪ್ರಾಣ. ಆದರೆ ಗಣಿತದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ವಿಜ್ಞಾನದ ಟೀಚರ್ ನಿವೃತ್ತರಾಗಿ ಮನೆಯ ಗಿಡಗಳಿಗೆ ನೀರು ಹಾಕಿಕೊಂಡಿದ್ದರು. ಊರಿನ ಅಂಚಿನ ಶಾಲೆ, ಬಸ್ಸು ಕಡಿಮೆ. ಬಂದವರು ನಿಲ್ಲುತ್ತಿರಲಿಲ್ಲ. ಹೀಗಾಗಿ ಗಣಿತದ ಪೀರಿಯಡ್ಡು ಸೀಟಿ ಮೇಷ್ಟ್ರ ತಲೆಗೆ ಬಿದ್ದಿತ್ತು. ಅವರು ಹಿಂದಿನ ರಾತ್ರಿ ಓದಿ ಬೆಳಿಗ್ಗೆ ಹೇಳಿಕೊಡುತ್ತಿದ್ದರು. ಮಕ್ಕಳು ಎರಡನೇ ಪ್ರಶ್ನೆ ಕೇಳಿದರೆ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿಬಿಡುತ್ತಿದ್ದರು.

ಹೋದ ವಾರ ಅಂಗಡಿಗೆ ಬಂದಾಗ ಸೊಸೆಗೆ ಅವರು ಒಂದು ವಿಷಯ ಹೇಳಿದರು. ಅವಳು ಭೌತಶಾಸ್ತ್ರ, ಗಣಿತ ಓದಿ ಪದವಿ ಮುಗಿಸಿದವಳು. ಅಂಥವರು ಮೇಷ್ಟ್ರಾಗಲು ತರಬೇತಿ ಪಡೆಯುವುದಾದರೆ ಸ್ಕಾಲರ್‌ಶಿಪ್ ಇದೆ. ತರಬೇತಿ ಕಾಲೇಜಿನ ಶುಲ್ಕ ಸ್ಕಾಲರ್‌ಶಿಪ್ ಕೊಡುವವರೇ ಕಟ್ಟುತ್ತಾರೆ, ಖರ್ಚಿಗೆ ತಿಂಗಳು ತಿಂಗಳು ಒಂದಿಷ್ಟು ಕೊಡುತ್ತಾರೆ. ತರಬೇತಿ ಮುಗಿದ ಮೇಲೆ ಮೇಷ್ಟ್ರಿಲ್ಲದೆ ಒದ್ದಾಡುತ್ತಿರುವ ಶಾಲೆಯೊಂದರಲ್ಲಿ ಕೆಲವು ವರ್ಷ ಪಾಠ ಮಾಡಬೇಕು. ಇಷ್ಟೇ.

ಟೈಲರಮ್ಮ ಆಗ ಮಷೀನಿನ ಚಕ್ರ ಹಿಡಿದು ನಿಲ್ಲಿಸಿದ್ದಳು.

"ಪುಕ್ಕಟೆ ಯಾರು ಕೊಡ್ತಾರೆ ಮೇಷ್ಟ್ರೇ? ನಾನು ಒಂದು ಗುಂಡಿ ಪುಕ್ಕಟೆ ಹಾಕಿಕೊಟ್ರೂ ಆ ಗಿರಾಕಿ ಇನ್ನೊಂದು ಸಲ ಬರಲಿ ಅಂತಲೇ ಹಾಕೋದು."

"ಅದನ್ನೇ ಅಲ್ವಾ ಅಕ್ಕ ಅವರೂ ಮಾಡ್ತಿರೋದು? ಶಾಲೆಗೆ ಮೇಷ್ಟ್ರು ಬರಲಿ ಅಂತ ಹಾಕಿಕೊಡ್ತಿದ್ದಾರೆ."

"ಎಲ್ಲಿಗೋ ಎತ್ತಿ ಹಾಕ್ತಾರೆ. ಮೂರು ವರ್ಷದ ಮಗು ಇದೆ ಇವಳಿಗೆ. ಆಮೇಲೆ ಇದು ಸಾಲ ಅಂತ ಬಾಗಿಲಿಗೆ ಬರ್ತಾರೆ."

ಸೊಸೆ ಅತ್ತೆಯ ಮುಖ ನೋಡಿದಳು, ಅಲ್ಲೇ ಕೆಲಸಕ್ಕೆ ಹೊರಡುತ್ತಿದ್ದ ಗಂಡನ ಮುಖ ನೋಡಿದಳು. ಗಂಡ ಲಿಫ್ಟ್ ರಿಪೇರಿ ಕೆಲಸದವನು. ಊಟದ ಡಬ್ಬಿ ಮುಚ್ಚುತ್ತಾ, "ನಾನು ಮೇಲೂ ಇಲ್ಲ ಕೆಳಗೂ ಇಲ್ಲ, ಎರಡು ಮಹಡಿ ಮಧ್ಯೆ ಸಿಕ್ಕಿಹಾಕ್ಕೊಂಡಿದೀನಿ. ನೀವಿಬ್ರೂ ಮಾತಾಡಿ ಗುಂಡಿ ಒತ್ತಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಮಾತು ಅಲ್ಲಿಗೇ ನಿಂತಿತ್ತು. ಅರ್ಜಿ ಹಾಕಲು ಇನ್ನು ಈ ವಾರ ಮಾತ್ರ ಬಾಕಿ ಇತ್ತು.

ಟೈಲರಮ್ಮ ಹೇಳಿದ ಕಾರಣಗಳೆಲ್ಲ ನಿಜವೇ. ಆದರೆ ಹೇಳದ ಕಾರಣ ಒಂದಿತ್ತು. ಅದು ಅವಳ ಕಣ್ಣು. ವರ್ಷದ ಹಿಂದಿನಿಂದ ಬಟ್ಟೆಯ ಮೇಲಿನ ಚಾಕ್ ಗೆರೆ ಅವಳಿಗೆ ಕಾಣುತ್ತಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ನೀಲಿ ಗೆರೆ ಮಂಜಿನಲ್ಲಿ ಸೈಕಲ್ ಹೋದ ಹಾಗೆ. ಆಗಿನಿಂದ ಕಟಿಂಗನ್ನೆಲ್ಲ ಸೊಸೆಗೇ ಬಿಟ್ಟುಕೊಟ್ಟದ್ದನ್ನು ಎಲ್ಲರೂ ದೊಡ್ಡ ಮನಸ್ಸು ಅಂದುಕೊಂಡಿದ್ದರು. ಟೈಲರಮ್ಮ ಅದನ್ನು ತಿದ್ದಲು ಹೋಗಿರಲಿಲ್ಲ.

ಸೊಸೆ ಈಗ ಗಂಟು ಬಿಚ್ಚಿದಳು. ಒಂದು ಪ್ಯಾಂಟು ತೆಗೆದು ಹಾಸಿದಳು, ಅಳೆದಳು. ಇನ್ನೊಂದು ತೆಗೆದಳು. ಒಂದು ಸ್ಕರ್ಟು, ಒಂದು ಶರ್ಟಿನ ತೋಳು. ಆಮೇಲೆ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. ಹಾಗೆ ಸುತ್ತಿಕೊಂಡರೆ ಅವಳು ಯೋಚಿಸುತ್ತಿದ್ದಾಳೆ ಎಂದರ್ಥ.

"ಅತ್ತೆ, ಶಾಲೆಯಿಂದ ಬಂದ ಅಳತೆಗೆ ಸರಿಯಾಗೇ ಕತ್ತರಿಸಿದೀನಿ."

"ಹಾಗಾದ್ರೆ ಮಕ್ಕಳು ರಾತ್ರೋರಾತ್ರಿ ಸಣ್ಣಗಾದ್ರಾ?"

"ಸಾರ್, ಮಕ್ಕಳಿಗೆ ಎಷ್ಟು ಸಡಿಲ ಆಗಿದೆ? ಒಬ್ಬೊಬ್ಬರಿಗೆ ಒಂದೊಂದು ಥರಾನಾ?"

ಮೇಷ್ಟ್ರು ಯೋಚಿಸಿದರು. "ಇಲ್ಲಮ್ಮ. ಎಲ್ಲರಿಗೂ ಒಂದೇ ಥರ. ತೋಳೂ ಅಷ್ಟೇ, ಉದ್ದವೂ ಅಷ್ಟೇ. ಬೆರಳಿನ ಒಂದು ಗೆಣ್ಣಿನಷ್ಟು."

"ಒಂದು ಇಂಚು," ಅಂದಳು ಸೊಸೆ. ಅವಳ ಮುಖದಲ್ಲಿ ಬೈಸಿಕೊಂಡ ನೋವು ಮಾಯವಾಗಿ ಬೇರೇನೋ ಹೊಳೆಯತೊಡಗಿತ್ತು. "ಅತ್ತೆ, ಕೈ ತಪ್ಪಿದ್ರೆ ಒಂದು ಕಡೆ ಹೆಚ್ಚಾಗುತ್ತೆ, ಒಂದು ಕಡೆ ಕಡಿಮೆ ಆಗುತ್ತೆ. ಎಲ್ಲಾ ಕಡೆ ಅಷ್ಟೇ ಹೆಚ್ಚಾಗಿದೆ ಅಂದ್ರೆ ಅದು ಕೈತಪ್ಪಲ್ಲ. ಯಾರೋ ಇದೇ ಸರಿ ಅಂತ ನಂಬಿಕೊಂಡು ತಪ್ಪು ಮಾಡಿದಾರೆ. ಈ ಸಲ ಅಳತೆ ತೆಗೆದೋರು ಯಾರು ಸಾರ್?"

ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟುಕೊಂಡು ಊದದೆ ತೆಗೆದರು.

ಪ್ರತಿ ವರ್ಷ ಟೈಲರಮ್ಮನೇ ಶಾಲೆಗೆ ಹೋಗಿ ಅಳತೆ ತೆಗೆಯುತ್ತಿದ್ದಳು. ಈ ವರ್ಷ ಎಂಟನೇ ತರಗತಿ ಬಾಕಿ ಇರುವಾಗಲೇ ಮಂಡಿನೋವು ಎಂದು ವಾಪಸ್ ಬಂದಿದ್ದಳು. ಆಗ ಮೇಷ್ಟ್ರು, "ಅದಕ್ಕೇನಕ್ಕ, ಎಂಟನೇ ಕ್ಲಾಸಿನವರು ಒಬ್ಬರಿಗೊಬ್ಬರು ಅಳೆದುಕೊಳ್ಳಲಿ, ಗಣಿತದ ಪೀರಿಯಡ್ಡೂ ಆಗುತ್ತೆ, ನಿಮ್ಮ ಕೆಲಸವೂ ಆಗುತ್ತೆ," ಎಂದು ಎರಡು ಟೇಪು ಇಸಿದುಕೊಂಡು ಹೋಗಿದ್ದರು. ಮಕ್ಕಳ ಕೈಗೆ ಟೇಪು ಕೊಟ್ಟು ತಾವು ಹತ್ತನೇ ತರಗತಿಯವರನ್ನು ಓಡಿಸಲು ಮೈದಾನಕ್ಕೆ ಇಳಿದಿದ್ದರು.

"ಬನ್ನಿ, ನೋಡಿಯೇ ಬಿಡೋಣ," ಎಂದು ಸೊಸೆ ಟೇಪನ್ನು ಕೊರಳಿಗೆ ಹಾಕಿಕೊಂಡಳು. ಮಗುವನ್ನು ಬೇಕರಿಯವಳ ಹತ್ತಿರ ಬಿಟ್ಟರು. ಟೈಲರಮ್ಮ ಶಟರನ್ನು ಅರ್ಧ ಎಳೆದು, ಮಂಡಿಯನ್ನು ಬೈದುಕೊಳ್ಳುತ್ತಾ ಅವರ ಹಿಂದೆಯೇ ನಡೆದಳು. ತಪ್ಪು ಯಾರದು ಎಂದು ತಿಳಿಯದೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ.

ಶಾಲೆಯ ಉದ್ದನೆಯ ಮೊಗಸಾಲೆಯಲ್ಲಿ ಒಂದು ಕೋಣೆಗೆ ಬೀಗ ಹಾಕಿತ್ತು. ಕಿಟಕಿಯ ಗಾಜಿಗೆ ಮುಖ ಒತ್ತಿದರೆ ಒಳಗೆ ಕಪಾಟಿನಲ್ಲಿ ಗಾಜಿನ ಕೊಳವೆಗಳು, ಒಂದು ದೊಡ್ಡ ಭೂತಗನ್ನಡಿ, ಮೇಜಿನ ಮೇಲೆ ಧೂಳು. "ವಿಜ್ಞಾನದ ಕೋಣೆ," ಅಂದರು ಮೇಷ್ಟ್ರು. "ಬೀಗದ ಕೈ ನನ್ನ ಹತ್ರಾನೇ ಇದೆ. ತೆಗೆದು ಏನು ಮಾಡಲಿ? ಒಂದು ಸಲ ತೆಗೆದೆ. ಹಲ್ಲಿ ಹೊರಗೆ ಬಂತು. ಆವತ್ತಿನ ಪಾಠ ಹಲ್ಲಿ."

ಎಂಟನೇ ತರಗತಿಯಲ್ಲಿ ಮಕ್ಕಳು ಎದ್ದು ನಿಂತರು, ಅಭ್ಯಾಸಬಲದಿಂದ ಸೊಂಟಕ್ಕೆ ಕೈ ಹಾಕಿಕೊಂಡೇ. ಟೈಲರಮ್ಮ ಹಿಂದಿನ ಬೆಂಚಿನಲ್ಲಿ ಮಂಡಿ ತುರುಕಿಕೊಂಡು ಕೂತಳು. ಪಕ್ಕದ ಹುಡುಗ ಪಿಸುಗುಟ್ಟಿದ: "ಟೈಲರಜ್ಜಿ, ನಿಮ್ಮನ್ನೂ ಫೇಲ್ ಮಾಡಿದ್ರಾ?"

"ಮುಚ್ಕೊಂಡು ಕೂತ್ಕೋ," ಅಂದಳು ಟೈಲರಮ್ಮ. ಆದರೆ ಜರುಗಿ ಜಾಗ ಮಾಡಿಕೊಟ್ಟಳು.

ಸೊಸೆ ಯಾರನ್ನೂ ಬೈಯಲಿಲ್ಲ. ಮುಂದಿನ ಸಾಲಿನಲ್ಲಿ ಎರಡು ಜಡೆ ಹಾಕಿಕೊಂಡ ಹುಡುಗಿಯ ಕೈಗೆ ಟೇಪು ಕೊಟ್ಟು, "ಈ ಮೇಜಿನ ಅಗಲ ಎಷ್ಟಿದೆ ನೋಡಿ ಹೇಳು," ಅಂದಳು.

ಹುಡುಗಿ ಬಹಳ ಶ್ರದ್ಧೆಯಿಂದ ಟೇಪನ್ನು ಹಾಸಿದಳು. ತುದಿಯ ಲೋಹದ ಪಟ್ಟಿಯನ್ನು ಮೇಜಿನ ಹೊರಗೆ ಬಿಟ್ಟು, '೧' ಎಂದಿರುವ ಜಾಗವನ್ನು ಮೇಜಿನ ಅಂಚಿಗೆ ಸರಿಯಾಗಿ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಆ ಕಡೆ ಬಂದ ಅಂಕಿಯನ್ನು ಗಟ್ಟಿಯಾಗಿ ಓದಿದಳು.

ಟೈಲರಮ್ಮ ಬೆಂಚಿನಿಂದ ಅರ್ಧ ಎದ್ದಳು. "ಅಯ್ಯೋ ನಿನ್ನ! ತುದಿಯಿಂದ ಹಿಡಿಯೋದು ಬಿಟ್ಟು ಒಂದರಿಂದ..." ಸೊಸೆ ಕಣ್ಣಲ್ಲೇ "ಇರಿ ಅತ್ತೆ" ಅಂದಳು. ಟೈಲರಮ್ಮ ಕೂತಳು. ಸೊಸೆಯ ಕಣ್ಣಿನ ಮಾತು ಕೇಳಿ ತಾನು ಕೂತೆನೆಂಬುದು ಅವಳಿಗೆ ಹೊಳೆದದ್ದು ಆಮೇಲೆ.

"ಒಂದರಿಂದ ಯಾಕೆ ಹಿಡಿದೆ?" ಎಂದು ಸೊಸೆ ಕೇಳಿದಳು. ಕೇಳಿದ್ದು ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವರ ದನಿಯಲ್ಲಿ.

"ಎಣಿಸೋದು ಒಂದರಿಂದ ಅಲ್ವಾ ಮೇಡಂ?"

"ಅದಕ್ಕೂ ಹಿಂದೆ ಇಷ್ಟು ಟೇಪು ಇದೆಯಲ್ಲ, ಇದು ಏನು?"

ಹುಡುಗಿ ಲೋಹದ ಪಟ್ಟಿಯನ್ನು ನೋಡಿದಳು. "ಅಲ್ಲಿ ಏನೂ ಬರೆದಿಲ್ಲ. ಸೊನ್ನೆ ಇರಬೇಕು. ಸೊನ್ನೆ ಅಂದ್ರೆ ಏನೂ ಇಲ್ಲ. ಏನೂ ಇಲ್ಲದ ಕಡೆಯಿಂದ ಹೇಗೆ ಶುರು ಮಾಡೋದು?"

ತರಗತಿ ಗೊಳ್ಳೆಂದಿತು. ಸೊಸೆ ನಗಲಿಲ್ಲ. "ಒಳ್ಳೇ ಪ್ರಶ್ನೆ," ಅಂದಳು. "ಎಷ್ಟೋ ದೊಡ್ಡ ದೊಡ್ಡವರು ಇದೇ ಪ್ರಶ್ನೆ ಹಿಡ್ಕೊಂಡು ಬಹಳ ಕಾಲ ಒದ್ದಾಡಿದಾರೆ. ಸರಿ, ನಿನಗೆ ಈಗ ವಯಸ್ಸೆಷ್ಟು?"

"ಹದಿಮೂರು."

"ನಿನಗೆ ಒಂದು ವರ್ಷ ಅಂತ ಮನೇಲಿ ಯಾವಾಗ ಹೇಳಿದ್ರು? ಹುಟ್ಟಿದ ದಿನವೇ?"

"ಇಲ್ಲ. ಹುಟ್ಟಿ ಒಂದು ವರ್ಷ ಆದ ಮೇಲೆ."

"ಹಾಗಾದ್ರೆ ಆ 'ಒಂದು' ಬರೋಕೆ ಮುಂಚೆ, ಅಷ್ಟೂ ದಿನ, ತೊಟ್ಟಿಲಲ್ಲಿ ಮಲಗಿ ಅಳ್ತಾ ಇದ್ದೋರು ಯಾರು?"

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಟೇಪನ್ನು ನೋಡಿದಳು. ಲೋಹದ ತುದಿಯಿಂದ '೧'ರ ವರೆಗೆ ಬೆರಳಾಡಿಸಿದಳು. "ನಾನೇ," ಅಂದಳು ಮೆಲ್ಲಗೆ. ಆಮೇಲೆ ಜೋರಾಗಿ, "ಮೇಡಂ, ಇದು ಮೊದಲನೇ ವರ್ಷ! ಇದನ್ನ ನಾವು ಹೊರಗೆ ಬಿಟ್ಟುಬಿಟ್ವಿ!"

"ಬಿಟ್ರೂ ಲೆಕ್ಕದಲ್ಲಿ ಸೇರಿಸಿಕೊಂಡ್ರಿ. ಹಾಗಾಗಿ ಪ್ಯಾಂಟಿಗೆ ಏನಾಯ್ತು?"

"ಒಂದು ಇಂಚು ಜಾಸ್ತಿ ಆಯ್ತು!" ಇಡೀ ತರಗತಿ ಕೂಗಿತು. ಮುಂದೆ ತಡೆಯುವವರೇ ಇರಲಿಲ್ಲ. ಟೇಪು ಕೈಯಿಂದ ಕೈಗೆ ಹೋಯಿತು. ಬಾಗಿಲು ಅಳೆದರು, ಕಿಟಕಿ ಅಳೆದರು, ಸೀಟಿ ಮೇಷ್ಟ್ರ ಹೊಟ್ಟೆ ಅಳೆದು ಉತ್ತರವನ್ನು ಮಾತ್ರ ಬೋರ್ಡಿನ ಮೇಲೆ ಬರೆಯದೆ ಬಿಟ್ಟರು. ಅಷ್ಟರಲ್ಲಿ ಟೈಲರಮ್ಮನ ಪಕ್ಕದ ಹುಡುಗ ಕೈ ಎತ್ತಿದ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ.

"ಮೇಡಂ, ಜ್ವರ ನೋಡೋ ಕಡ್ಡೀಲಿ ಸೊನ್ನೆ ಇರುತ್ತಾ? ಸೊನ್ನೆ ಡಿಗ್ರಿ ಅಂದ್ರೆ ಅಲ್ಲಿ ಬಿಸಿ ಅನ್ನೋದು ಏನೂ ಇಲ್ಲ ಅಂತಾನಾ? ಹಾಗಿದ್ರೆ ಅದಕ್ಕಿಂತ ಕೆಳಗೆ, ಮೈನಸ್ ಅಂತಾರಲ್ಲ, ಅದು ಹೇಗೆ?"

ಟೈಲರಮ್ಮ ಸೊಸೆಯ ಮುಖ ನೋಡಿದಳು. ಮದುವೆಯ ದಿನ ನೋಡಿದ್ದಳು, ಹೆರಿಗೆಯಾದ ದಿನ ನೋಡಿದ್ದಳು, ದಿನವೂ ಕಟಿಂಗ್ ಟೇಬಲ್ಲಿನ ಆ ಕಡೆ ನೋಡುತ್ತಿದ್ದಳು. ಇಂಥ ಮುಖ ಅಲ್ಲೆಲ್ಲೂ ನೋಡಿರಲಿಲ್ಲ. ಯಾರೋ ಒಳಗಡೆ ದೀಪದ ಸ್ವಿಚ್ಚು ಒತ್ತಿದ ಹಾಗಿತ್ತು.

"ನೀನು ಕೇಳಿದ್ದಕ್ಕೆ ಒಂದು ಪೂರ್ತಿ ಪೀರಿಯಡ್ ಬೇಕಪ್ಪ," ಅಂದಳು ಸೊಸೆ. "ಐಸು ಬೇಕು, ಬಿಸಿನೀರು ಬೇಕು, ಆ ಬೀಗ ಹಾಕಿದ ಕೋಣೆ ಬೇಕು."

"ನಾಳೆ ಬರ್ತೀರಾ ಮೇಡಂ?"

ಸೊಸೆ ಹಿಂದಿನ ಬೆಂಚಿನಲ್ಲಿದ್ದ ಅತ್ತೆಯ ಕಡೆ ನೋಡಿದಳು. ಗಂಟೆ ಹೊಡೆಯಿತು. ಹುಡುಗ ಎತ್ತಿದ ಕೈಯನ್ನು ಇಳಿಸಿ ಟೈಲರಮ್ಮನ ಪಕ್ಕ ಕೂತ. "ಬರಲ್ಲ ಬಿಡಿ ಅಜ್ಜಿ," ಅಂದ, ಅಭ್ಯಾಸವಾಗಿಹೋದವರ ಹಾಗೆ. "ಯಾರೂ ಎರಡನೇ ದಿನ ಬರಲ್ಲ."

ಆ ಮಾತು ಟೈಲರಮ್ಮನಿಗೆ ಸೂಜಿಯ ಹಾಗೆ ಚುಚ್ಚಿತು. ಎಷ್ಟೋ ಸೂಜಿ ಚುಚ್ಚಿಸಿಕೊಂಡ ಬೆರಳು ಅವಳದು, ಆದರೆ ಇದು ಬೇರೆ ಕಡೆ ಚುಚ್ಚಿತು.

ಮೊಗಸಾಲೆಯ ಕಟ್ಟೆಯ ಮೇಲೆ ಮೇಷ್ಟ್ರು ಎಲ್ಲರಿಗೂ ಚಹಾ ತರಿಸಿದರು. ಟೈಲರಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಅವಳ ಬಾಯಲ್ಲಿ ತಪ್ಪಾಯಿತು ಎಂಬ ಮಾತು ಬರುವುದಿಲ್ಲ. ಅವಳ ಮಗ ಹೇಳುವ ಹಾಗೆ, ಆ ಮಾತಿಗೆ ಅವಳ ಹತ್ತಿರ ಬಟ್ಟೆಯೇ ಇಲ್ಲ.

"ಮೇಷ್ಟ್ರೇ," ಅಂದಳು. "ಆ ಸ್ಕಾಲರ್‌ಶಿಪ್ಪು. ಇನ್ನೊಂದು ಸಲ ಹೇಳಿ. ಸಿಹಿ ಹಾಕದೆ ಹೇಳಿ."

"ಕೇಳಿ ಅಕ್ಕ, ಇದ್ದದ್ದು ಇದ್ದ ಹಾಗೇ ಹೇಳ್ತೀನಿ. ಅರ್ಜಿ ಹಾಕಿದ ತಕ್ಷಣ ಸಿಗುತ್ತೆ ಅಂತಿಲ್ಲ. ಪದವೀಲಿ ಹೇಗೆ ಓದಿದಾಳೆ ನೋಡ್ತಾರೆ, ಕೂರಿಸಿ ಮಾತಾಡಿಸ್ತಾರೆ, ನಿಜವಾಗ್ಲೂ ಮಕ್ಕಳ ಜೊತೆ ಇರೋಕೆ ಮನಸ್ಸಿದೆಯಾ ಅಂತ ತಿಳ್ಕೋತಾರೆ."

"ಅದು ಇದೆ. ಕಣ್ಣಾರೆ ನೋಡಿದೆ. ಮುಂದೆ?"

"ಸಿಕ್ಕಿದ ಮೇಲೆ ಶುಲ್ಕದ ಚಿಂತೆ ಇಲ್ಲ. ತಿಂಗಳ ಖರ್ಚಿಗೆ ಬರುತ್ತೆ. ಅದು ಸಾಲ ಅಲ್ಲ. ಆದ್ರೆ ಒಪ್ಪಿಕೊಂಡಷ್ಟು ವರ್ಷ ಪಾಠ ಮಾಡದೆ ನಡುವೆ ಬಿಟ್ರೆ, ಆಗ ಅದು ಸಾಲದ ಥರ ಆಗುತ್ತೆ, ವಾಪಸ್ ಕಟ್ಟಬೇಕು. ಅದಕ್ಕೇ ಸಹಿ ಹಾಕೋ ಮುಂಚೆ ಶರತ್ತು ಪೂರ್ತಿ ಓದ್ಕೋಬೇಕು. ಕಾಯಿಲೆ ಬಿದ್ರೆ ಏನು, ಹೆರಿಗೆ ಆದ್ರೆ ಏನು, ಎಲ್ಲಾ ಕೇಳ್ಕೋಬೇಕು. ಕೇಳೋದ್ರಲ್ಲಿ ನಾಚಿಕೆ ಬೇಡ."

"ಎಲ್ಲಿಗೆ ಎತ್ತಿ ಹಾಕ್ತಾರೆ?"

"ಮೇಷ್ಟ್ರ ಕೊರತೆ ಇರೋ ಶಾಲೆಗಳನ್ನ ಮೊದಲೇ ಗುರುತು ಮಾಡಿರ್ತಾರೆ. ಅದರಲ್ಲಿ ನಮ್ಮ ಶಾಲೆಯೂ ಒಂದು. ಇಲ್ಲೇ ಸಿಗುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ ಅಕ್ಕ. ಆದ್ರೆ ಇಲ್ಲಿಗೆ ಯಾರೂ ಕೇಳ್ಕೊಂಡು ಬರಲ್ಲ. ಇವಳು ಕೇಳ್ಕೊಂಡ್ರೆ ಬೇಡ ಅನ್ನೋರು ಯಾರು? ಪಾಠ ಶುರು ಮಾಡಿದ ಮೊದಲ ವರ್ಷ, ಅನುಭವ ಇರೋ ಟೀಚರ್ ಒಬ್ಬರು ಜೊತೆಗಿದ್ದು ಕೈ ಹಿಡಿದು ನಡೆಸ್ತಾರೆ. ತರಬೇತಿ ಕಾಲೇಜು ಹಗಲು ಹೊತ್ತು. ಸಂಜೆ ಮಗು ಹತ್ರ ಇರ್ತಾಳೆ."

"ನಿಮಗೇನು ಲಾಭ ಇದರಲ್ಲಿ?"

ಸೀಟಿ ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟರು. "ಅಕ್ಕ, ನನ್ನನ್ನ ಬೀಜಗಣಿತದಿಂದ ಬಿಡಿಸಿ. ನಿಮಗೆ ಪುಣ್ಯ ಬರುತ್ತೆ. ಆ ಎಕ್ಸು, ವೈಯು ಕನಸಲ್ಲೂ ಬಂದು ನನ್ನನ್ನೇ ಓಡಿಸ್ತಾವೆ."

ಸೊಸೆ ನಕ್ಕಳು. ಟೈಲರಮ್ಮನೂ ನಕ್ಕಳು. ಆಮೇಲೆ ಚಹಾದ ಲೋಟ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ, ವರ್ಷದಿಂದ ಮಡಚಿ ಇಟ್ಟದ್ದನ್ನು ಬಿಚ್ಚಿದಳು.

"ನನಗೆ ಚಾಕ್ ಗೆರೆ ಕಾಣಲ್ಲ ಕಣೇ. ನೀನು ಹೋದ್ರೆ ಕತ್ತರಿಸೋರು ಯಾರು ಅಂತ... ಅದಕ್ಕೆ. ಸಾಲ, ಊರು, ಅವೆಲ್ಲ ಆಮೇಲೆ."

ಸೊಸೆ ಅತ್ತೆಯ ಪಕ್ಕಕ್ಕೆ ಸರಿದು ಕೂತಳು. "ಅದನ್ನ ಯಾಕೆ ಹೇಳ್ಲಿಲ್ಲ ನೀವು?"

"ಟೈಲರ್ ಆದವಳು ಕಣ್ಣು ಕಾಣಲ್ಲ ಅಂತ ಬೀದೀಲಿ ಸಾರ್ಕೊಂಡು ಬರಲಾ?"

"ಬೀದಿಗೆ ಬೇಡ, ಕಣ್ಣಿನ ಡಾಕ್ಟರಿಗೆ ಹೇಳಿದ್ರೆ ಸಾಕು. ಇನ್ನೊಂದು ಮಾಡೋಣ ಅತ್ತೆ. ಕಾಲೇಜು ಶುರುವಾಗೋ ಮುಂಚೆ ಒಂದೊಂದು ಅಳತೆಗೂ ದಪ್ಪ ರಟ್ಟಿನಲ್ಲಿ ಪ್ಯಾಟರ್ನ್ ಕತ್ತರಿಸಿ ಇಟ್ಟುಬಿಡ್ತೀನಿ. ತೋಳು, ಕಾಲರ್, ಸೊಂಟಪಟ್ಟಿ, ಎಲ್ಲಾ. ನೀವು ಬಟ್ಟೆ ಮೇಲೆ ರಟ್ಟು ಇಟ್ಟು ಅಂಚು ಹಿಡಿದೇ ಕತ್ತರಿಸಿದ್ರಾಯ್ತು. ಭಾನುವಾರ ನಾನು ಕೂತ್ಕೋತೀನಿ."

"ರಟ್ಟು ಇಟ್ಟು ಕತ್ತರಿಸೋದು ನಾನು ಹುಡುಗಿಯಾಗಿದ್ದಾಗ ಕಲಿತದ್ದು," ಅಂದಳು ಟೈಲರಮ್ಮ. "ನೀನು ನನಗೆ ಹೇಳಿಕೊಡ್ತೀಯಾ?" ಆದರೆ ದನಿಯಲ್ಲಿ ಮುಳ್ಳಿರಲಿಲ್ಲ.

ಸಂಜೆ ಮಗ ಡಬ್ಬಿ ಹಿಡಿದುಕೊಂಡು ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಗುಂಡಿ ಒತ್ತಿದೀನಿ," ಅಂದಳು.

"ಮೇಲಕ್ಕೋ ಕೆಳಕ್ಕೋ?"

"ಮೇಲಕ್ಕೆ. ನಾಳೆ ನೀನು ರಜೆ ಹಾಕಿ ಇವಳ ಜೊತೆ ತರಬೇತಿ ಕಾಲೇಜಿಗೆ ಹೋಗಿ ಅರ್ಜಿ ಕೊಟ್ಟು ಬಾ. ಬರೋವಾಗ ನನ್ನ ಕಣ್ಣಿಗೂ ಒಂದು ವ್ಯವಸ್ಥೆ ಮಾಡು."

ಪ್ಯಾಂಟುಗಳನ್ನು ಅತ್ತೆ ಸೊಸೆ ಇಬ್ಬರೂ ಕೂತು ಬಿಚ್ಚಿ ಸರಿಮಾಡಿದರು. ಹೆಚ್ಚಿಗಾದ ಬಟ್ಟೆಯನ್ನು ಟೈಲರಮ್ಮ ಕತ್ತರಿಸಿ ಎಸೆಯಲಿಲ್ಲ, ಒಳಗೆ ಮಡಚಿ ಹೊಲಿದಳು. ಬೆಳೆಯುವ ಮಕ್ಕಳು, ಬೇಕಾಗುತ್ತದೆ.

ಸಂದರ್ಶನದಲ್ಲಿ ಸೊಸೆಯನ್ನು ಮೇಷ್ಟ್ರ ಕೆಲಸ ಯಾಕೆ ಬೇಕು ಎಂದು ಕೇಳಿದರಂತೆ. ಅವಳು ಜಾರುವ ಪ್ಯಾಂಟಿನ ಕಥೆ ಹೇಳಿದಳಂತೆ. ಕೇಳಿದವರು ನಗುತ್ತಾ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಕೆಲವು ವಾರದ ನಂತರ ಸ್ಕಾಲರ್‌ಶಿಪ್ ಬಂತು. ತರಬೇತಿ ಸುಲಭವಾಗಿರಲಿಲ್ಲ. ಮಗುವಿಗೆ ಜ್ವರ ಬಂದ ವಾರ, ಪರೀಕ್ಷೆಯೂ ಇದ್ದ ವಾರ, ಸೊಸೆ ಅತ್ತೆಯ ಮುಂದೆ ಅತ್ತದ್ದುಂಟು. ಆಗ ಟೈಲರಮ್ಮ, "ಕಾಲರ್ ಮೊದಲ ಸಲ ಹೊಲಿದಾಗ ನಾನೂ ಅತ್ತಿದ್ದೆ. ಈಗ ಕಣ್ಣು ಮುಚ್ಚಿ ಹೊಲೀತೀನಿ. ಎದ್ದು ಮುಖ ತೊಳ್ಕೋ," ಅಂದಿದ್ದಳು. ಕನ್ನಡಕ ಬಂದ ಮೇಲೆ ಅವಳಿಗೆ ಚಾಕ್ ಗೆರೆ ಕಂಡಿತು. ಜೊತೆಗೆ ಅಂಗಡಿಯ ಮೂಲೆಯಲ್ಲಿದ್ದ ಜೇಡರಬಲೆಗಳೂ ಕಂಡು ಇಡೀ ಮನೆಗೆ ಒಂದು ದಿನ ಕೆಲಸ ಹತ್ತಿತು.

ಈಗ ಸೊಸೆ ಅದೇ ಶಾಲೆಯ ಟೀಚರು. ಸೀಟಿ ಮೇಷ್ಟ್ರು ಮೈದಾನದಿಂದ ಮೇಲೆ ಬರುವುದೇ ಇಲ್ಲ. ಕರೆದರೂ ಕೇಳಿಸದವರ ಹಾಗೆ ಸೀಟಿ ಊದುತ್ತಾರೆ. ವಿಜ್ಞಾನದ ಕೋಣೆಯ ಬೀಗ ತೆಗೆದಿದೆ. ಹಲ್ಲಿ ಈಗಲೂ ಅಲ್ಲೇ ಇದೆ, ಪಾಠ ಮಾತ್ರ ಬದಲಾಗಿದೆ.

ಮೊನ್ನೆ ಬೆಳಕಿನ ಪಾಠಕ್ಕೆ ಕೋಣೆ ಕತ್ತಲಾಗಬೇಕು, ಕಿಟಕಿಗೆ ಕಪ್ಪು ಪರದೆ ಬೇಕು ಎಂದು ಶಾಲೆಯಿಂದ ಟೈಲರಮ್ಮನಿಗೆ ಹೇಳಿ ಕಳಿಸಿದರು. ಅವಳು ಕನ್ನಡಕ ಏರಿಸಿಕೊಂಡು, ಮಂಡಿಯನ್ನು ಬೈದುಕೊಳ್ಳುತ್ತಾ ಬಂದು, ಕಿಟಕಿಯ ಮುಂದೆ ಟೇಪು ಬಿಚ್ಚಿದಳು. ಈಗ ಹತ್ತನೇ ತರಗತಿಗೆ ಬಂದಿರುವ ಮಕ್ಕಳು ಸುತ್ತ ಮುತ್ತಿಕೊಂಡರು. ಅವರ ಕಣ್ಣೆಲ್ಲ ಅವಳ ಹೆಬ್ಬೆರಳಿನ ಮೇಲೆ.

"ಟೈಲರಜ್ಜಿ, ತುದಿಯಿಂದ!" ಎಂದು ಎರಡು ಜಡೆಯ ಹುಡುಗಿ ಎಚ್ಚರಿಸಿದಳು. "ಮೊದಲನೇ ವರ್ಷ ಬಿಟ್ಟುಬಿಡಬೇಡಿ!"

"ಏ ಹೋಗೇ, ನನಗೇ ಹೇಳ್ತಾಳೆ," ಅಂದಳು ಟೈಲರಮ್ಮ. ಆದರೂ ಒಂದು ಸಲ ಬಗ್ಗಿ, ಲೋಹದ ತುದಿ ಕಿಟಕಿಯ ಅಂಚಿಗೆ ಸರಿಯಾಗಿ ಕೂತಿದೆಯೇ ಎಂದು ನೋಡಿಯೇ ನೋಡಿದಳು. ಸೊನ್ನೆ ಡಿಗ್ರಿಯ ಪ್ರಶ್ನೆ ಕೇಳಿದ್ದ ಹುಡುಗ ಟೇಪಿನ ಆ ಕೊನೆ ಹಿಡಿದುಕೊಂಡ. ಅವನ ಪ್ಯಾಂಟು ಈಗ ಗಿಡ್ಡವಾಗುತ್ತಿತ್ತು. ಟೈಲರಮ್ಮ ಅದನ್ನು ಗಮನಿಸಿ, "ಶನಿವಾರ ಬಾ, ಮಡಿಕೆ ಬಿಚ್ಚಿಕೊಡ್ತೀನಿ," ಅಂದಳು.

"ಶನಿವಾರ ಟೀಚರ್ ಸ್ಪೆಷಲ್ ಕ್ಲಾಸ್ ಇಟ್ಟಿದಾರೆ ಅಜ್ಜಿ."

"ಹಾಗಾದ್ರೆ ಭಾನುವಾರ ಬಾ. ಕ್ಲಾಸು ತಪ್ಪಿಸಬೇಡ."

ಇದನ್ನು ಓದುತ್ತಿರುವವರೇ, ಓದಿಸಿಕೊಂಡು ಕೇಳುತ್ತಿರುವವರೇ, ಒಂದು ಮಾತು. ನಿಮ್ಮ ಮನೆಯಲ್ಲೂ ವಿಜ್ಞಾನವೋ ಗಣಿತವೋ ಓದಿ ಸುಮ್ಮನೆ ಕೂತ ಮಗಳೋ, ಮಗನೋ, ಸೊಸೆಯೋ ಇರಬಹುದು. ಮಕ್ಕಳ ಮುಂದೆ ನಿಂತರೆ ಅವರ ಮುಖ ಹೇಗಿರುತ್ತದೆ ಎಂದು ನೀವಿನ್ನೂ ನೋಡಿರಲಿಕ್ಕಿಲ್ಲ. ಹತ್ತಿರದ ಶಿಕ್ಷಕರ ತರಬೇತಿ ಕಾಲೇಜಿಗೆ ಹೋಗಿ, ನಿಮ್ಮ ಕಡೆ ಇಂಥ ಸ್ಕಾಲರ್‌ಶಿಪ್ ಇದೆಯೇ, ಯಾರಿಗೆ ಸಿಗುತ್ತದೆ, ಕೊನೆಯ ದಿನ ಯಾವುದು, ಎಷ್ಟು ವರ್ಷ ಪಾಠ ಮಾಡಬೇಕು, ನಡುವೆ ಬಿಟ್ಟರೆ ಏನು ಎಂದು ನೀವೇ ಕೇಳಿ. ಒಂದೊಂದು ಕಡೆ ಒಂದೊಂದು ನಿಯಮ ಇರುತ್ತದೆ. ಕೊಡಿಸುತ್ತೇನೆ ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ಮನೆಯಲ್ಲಿ ಬೇಡ ಎನ್ನುವವರಿದ್ದರೆ ಅವರನ್ನು ಬೈಯಬೇಡಿ. ಹೇಳದೆ ಉಳಿದ ಕಾರಣ ಏನೆಂದು ಪಕ್ಕದಲ್ಲಿ ಕೂತು ಕೇಳಿ.

ನಿಮ್ಮ ಊರಿನ ಶಾಲೆಯಲ್ಲೂ ಬೀಗ ಹಾಕಿದ ಕೋಣೆಯೊಂದಿರಬಹುದು, ಕೈ ಎತ್ತಿ ಇಳಿಸಿಕೊಂಡ ಹುಡುಗನೊಬ್ಬನಿರಬಹುದು. ಅವನ ಹತ್ತಿರ ಎರಡನೇ ದಿನವೂ ಹೋಗುವವರು ಬೇಕು. ನಿಮ್ಮ ಮನೆಯಿಂದ ಕಳಿಸಿಕೊಡಿ.